ಫಾದರ್ ಆಗಸ್ಟಸ್ ಮುಲ್ಲರ್
ಫಾದರ್ ಆಗಸ್ಟಸ್ ಮುಲ್ಲರ್ (1841–1910) ಮಂಗಳೂರಿನಲ್ಲಿ ಬಡರೋಗಿಗಳಿಗಾಗಿ ಹೋಮಿಯೋಪತಿ ಔಷಧಾಲಯವನ್ನೂ ಆಸ್ಪತ್ರೆಗಳನ್ನೂ ಸ್ಥಾಪಿಸಿದ ಜರ್ಮನ್ ಮೂಲದ ಯೇಸುಸಭೆಯ ಧರ್ಮಗುರು. 1878ರ ಕೊನೆಯಲ್ಲಿ ಮಂಗಳೂರಿಗೆ ಬಂದ ಅವರು ಅಧ್ಯಾಪನದ ಜೊತೆಗೆ ರೋಗಿಗಳಿಗೆ ಹೋಮಿಯೋಪತಿ ಔಷಧ ಕೊಡತೊಡಗಿದರು. ಈ ಪದ್ಧತಿಯ ಅನೇಕ ಔಷಧಗಳು ಸಸ್ಯಮೂಲದವು. ಒಣಕೆಮ್ಮು, ಎದೆನೋವುಗಳಿಗೆ ಸಾಂಪ್ರದಾಯಿಕವಾಗಿ ಬಳಸುವ ಬ್ರಯೋನಿಯಾ ಅದೇ ಹೆಸರಿನ ಬಳ್ಳಿಯ ಬೇರಿನಿಂದ ತಯಾರಾಗುತ್ತದೆ. ಇವುಗಳ ಪರಿಣಾಮಕ್ಕೆ ದೃಢವಾದ ವೈಜ್ಞಾನಿಕ ಆಧಾರ ದೊರೆತಿಲ್ಲ. ಆದರೆ ಮುಲ್ಲರ್ ಅವರ ಸೇವೆ ಔಷಧಕ್ಕಷ್ಟೇ ಸೀಮಿತವಾಗಿರಲಿಲ್ಲ. 1880ರಲ್ಲಿ ಕಂಕನಾಡಿಯ ಆಲದ ಮರದಡಿ ಔಷಧಾಲಯ ಆರಂಭಿಸಿದ ಅವರು, 1890ರಲ್ಲಿ ಸಮಾಜ ದೂರವಿಟ್ಟಿದ್ದ ಕುಷ್ಠರೋಗಿಗಳಿಗೆ ಆಸ್ಪತ್ರೆ ಕಟ್ಟಿಸಿದರು. 1902ರಲ್ಲಿ ಪ್ಲೇಗ್ ಹರಡಿದಾಗ ಪ್ರತ್ಯೇಕ ಆಸ್ಪತ್ರೆ ತೆರೆದರು. 1910ರ ನವೆಂಬರ್ 1ರಂದು ನಿಧನರಾದರು. ಆ ಔಷಧಾಲಯವೇ ಇಂದಿನ ಫಾದರ್ ಮುಲ್ಲರ್ ವೈದ್ಯಕೀಯ ಸಂಸ್ಥೆಗಳ ಮೂಲ.