ಹೆಲೆನ್ ಕೆಲ್ಲರಳ ಉಪಾಧ್ಯಾಯಿನಿ

ಹೆಲೆನ್ ಕೆಲ್ಲರಳ ಹೆಸರನ್ನು ಕೇಳದ ವಾಚಕರು ವಿರಳ. ಕಣ್ಣು ಕಿವಿಗಳೆರಡನ್ನೂ ಕಳೆದುಕೊಂಡು ಮಾತಿಲ್ಲದೆ ಬೆಳೆಯುತ್ತಿದ್ದ ಆ ಮಗುವಿನ ಅಂಗೈಯಲ್ಲಿ ಮೊದಲ ಅಕ್ಷರವನ್ನು ಮೂಡಿಸಿದ ಆನ್ ಸಲಿವನ್ನಳ ಹೆಸರೂ ಅದರೊಡನೆಯೇ ಬರುತ್ತದೆ. ಆದರೆ ನೀರಿನ ಪಂಪಿನ ಬಳಿಯ ಒಂದು ಗಳಿಗೆಯ ಕಥೆ ಎಲ್ಲರ ಬಾಯಲ್ಲಿ ನಿಂತು, ಇಪ್ಪತ್ತು ವರ್ಷದ ಹುಡುಗಿಯೊಬ್ಬಳು ಅಂಥ ಕೆಲಸಕ್ಕೆ ಎಲ್ಲಿ, ಹೇಗೆ ಸಿದ್ಧಳಾದಳೆಂಬುದು ಹಿಂದೆ ಸರಿದುಬಿಟ್ಟಿದೆ. ನನ್ನ ಕುತೂಹಲವೆಲ್ಲ ಆ ಸಿದ್ಧತೆಯಲ್ಲಿದೆ.

ಆಕೆ ಹುಟ್ಟಿದ್ದು 1866ನೆಯ ಇಸವಿಯ ಏಪ್ರಿಲ್ 14ರಂದು, ಅಮೆರಿಕದ ಮಸಾಚುಸೆಟ್ಸ್ ಸಂಸ್ಥಾನದ ಫೀಡಿಂಗ್ ಹಿಲ್ಸ್ ಎಂಬ ಹಳ್ಳಿಯಲ್ಲಿ. ತಂದೆತಾಯಿಗಳು ಐರ್ಲೆಂಡಿನಿಂದ ವಲಸೆ ಬಂದ ಬಡವರು. ಐದನೆಯ ವಯಸ್ಸಿನ ಸುಮಾರಿಗೆ ಟ್ರಕೋಮ ಎಂಬ ಕಣ್ಣುಬೇನೆಯಿಂದ ದೃಷ್ಟಿ ಮಂಜಾಯಿತು. ಎಂಟನೆಯ ವಯಸ್ಸಿನಲ್ಲಿ ತಾಯಿ ತೀರಿಕೊಂಡಳು. ತಂದೆ ಮಕ್ಕಳ ಕೈಬಿಟ್ಟ. 1876ರಲ್ಲಿ ಆಕೆಯನ್ನೂ, ಸೊಂಟದ ಬೇನೆಯಿಂದ ಕುಂಟುತ್ತಿದ್ದ ತಮ್ಮ ಜಿಮ್ಮಿಯನ್ನೂ ಟ್ಯೂಕ್ಸ್‌ಬರಿಯ ಸರಕಾರಿ ದೀನಾಲಯಕ್ಕೆ ಸೇರಿಸಿದರು. ದಿಕ್ಕಿಲ್ಲದ ಮುದುಕರು, ರೋಗಿಗಳು, ಬುದ್ಧಿ ಕೆಟ್ಟವರು, ಎಲ್ಲರಿಗೂ ಅದೇ ನೆಲೆ. ಕೆಲವೇ ತಿಂಗಳಲ್ಲಿ ತಮ್ಮ ಸತ್ತ. ಅಕ್ಕ ನಾಲ್ಕು ವರ್ಷ ಅಲ್ಲಿಯೇ ಉಳಿದಳು.

1880ರಲ್ಲಿ ತಪಾಸಣೆಗೆ ಬಂದ ದೊಡ್ಡ ಮನುಷ್ಯರ ಗುಂಪಿಗೆ ಅಡ್ಡಬಿದ್ದು, ತನ್ನನ್ನು ಶಾಲೆಗೆ ಕಳುಹಿಸಬೇಕೆಂದು ಬೇಡಿಕೊಂಡಳು. ಹೀಗೆ ಬಾಸ್ಟನ್ನಿನ ಪರ್ಕಿನ್ಸ್ ಅಂಧಶಾಲೆಯ ಬಾಗಿಲು ತೆರೆಯಿತು. ಆಗ ವಯಸ್ಸು ಹದಿನಾಲ್ಕು; ತನ್ನ ಹೆಸರನ್ನು ಬರೆಯಲೂ ಬಾರದು. ಮಾತು ಒರಟು, ಕೋಪ ಮೂಗಿನ ತುದಿಯಲ್ಲಿ. ಅಲ್ಲಿದ್ದಾಗ ಕಣ್ಣಿಗೆ ಶಸ್ತ್ರಚಿಕಿತ್ಸೆಯಾಗಿ ಅಚ್ಚಿನ ಅಕ್ಷರ ಓದುವಷ್ಟು ದೃಷ್ಟಿ ಮರಳಿತು. 1886ರಲ್ಲಿ ತರಗತಿಗೆ ಮೊದಲಿಗಳಾಗಿ ಹೊರಬಂದಳು.

ಅದೇ ಶಾಲೆಯಲ್ಲಿ ಲಾರಾ ಬ್ರಿಜ್‌ಮನ್ ಎಂಬ ಹಿರಿಯ ಹೆಂಗಸು ವಾಸವಾಗಿದ್ದಳು. ಕುರುಡು ಕಿವುಡುಗಳೆರಡೂ ಇದ್ದ ಈಕೆಗೆ ಡಾಕ್ಟರ್ ಸ್ಯಾಮ್ಯುಯೆಲ್ ಹೌ 1837ರಿಂದ ಭಾಷೆ ಕಲಿಸಿದ್ದ. ಚಮಚ, ಬೀಗದ ಕೈ ಮೊದಲಾದ ವಸ್ತುಗಳಿಗೆ ಉಬ್ಬಕ್ಷರದ ಚೀಟಿ ಅಂಟಿಸಿ, ಬಳಿಕ ಚೀಟಿಯನ್ನು ಬೇರೆ ಮಾಡಿ, ಕೊನೆಗೆ ಬೆರಳಕ್ಷರಕ್ಕೆ ತಂದ ಕ್ರಮ ಅವನದು. ಆನ್ ಬೆರಳಕ್ಷರವನ್ನು ಕಲಿತು ಲಾರಾಳೊಡನೆ ಹರಟುತ್ತಿದ್ದಳು. ಅಲಬಾಮದ ಕ್ಯಾಪ್ಟನ್ ಕೆಲ್ಲರ್ ತನ್ನ ಮಗಳಿಗೆ ಶಿಕ್ಷಕಿ ಬೇಕೆಂದು ಬರೆದಾಗ ಶಾಲೆಯ ಮುಖ್ಯಸ್ಥ ಅನಗ್ನೋಸ್ ಈಕೆಯನ್ನು ಆರಿಸಿದ. ಸಂಬಳ ತಿಂಗಳಿಗೆ 25 ಡಾಲರು. ಹೊರಡುವ ಮೊದಲು ತಿಂಗಳುಗಟ್ಟಲೆ ಕುಳಿತು, ಬಲಹೀನವಾದ ಕಣ್ಣಿನಿಂದಲೇ ಹೌ ಬರೆದಿಟ್ಟ ವರದಿಗಳನ್ನೆಲ್ಲ ಓದಿದಳು. ಪುಸ್ತಕದಿಂದ ಬಂದ ತರಬೇತಿ ಇಷ್ಟೆ.

1887ರ ಮಾರ್ಚ್ 3ರಂದು ಟಸ್ಕಂಬಿಯಾ ಊರಿನಲ್ಲಿ ಇಳಿದಾಗ ಎದುರಾದದ್ದು ಆರು ವರ್ಷ ಎಂಟು ತಿಂಗಳ ಒಂದು ಬಿರುಗಾಳಿ. ಹೆಲೆನ್ ಊಟದ ಮೇಜಿನ ಸುತ್ತ ತಿರುಗಿ ಎಲ್ಲರ ತಟ್ಟೆಗೂ ಕೈಹಾಕುತ್ತಿದ್ದಳು. ಅಯ್ಯೋ ಪಾಪವೆಂದು ಮನೆಯವರು ಸುಮ್ಮನಿರುತ್ತಿದ್ದರು. ಹಟ ಮಾಡಿದಾಗಲೆಲ್ಲ ಬೇಕಾದದ್ದು ಕೈಸೇರುತ್ತಿದ್ದುದರಿಂದ ಹಟವೇ ಆ ಮಗುವಿನ ಭಾಷೆಯಾಗಿತ್ತು. ಆನ್ ತನ್ನ ತಟ್ಟೆಯನ್ನು ಮುಟ್ಟಗೊಡಲಿಲ್ಲ. ಮನೆಯವರು ಎದ್ದುಹೋದರು; ಬಾಗಿಲಿಗೆ ಬೀಗ ಬಿತ್ತು. ಹುಡುಗಿ ಚಿವುಟಿದಾಗಲೆಲ್ಲ ಆನ್ ಒಂದೊಂದು ಏಟು ಕೊಟ್ಟಳು. ಮಗು ಚಮಚದಿಂದ ಉಂಡು, ಕೈವಸ್ತ್ರವನ್ನು ಮಡಿಸುವವರೆಗೆ ಯಾರೂ ಹೊರಬರಲಿಲ್ಲ. ಇದನ್ನು ಆಕೆಯೇ ತನ್ನ ಶಾಲೆಯ ಮನೆಯೊಡತಿ ಸೋಫಿಯಾ ಹಾಪ್ಕಿನ್ಸಳಿಗೆ ಮುಚ್ಚುಮರೆಯಿಲ್ಲದೆ ಬರೆದಿದ್ದಾಳೆ. ಆ ಏಟನ್ನು ನಾನು ಸಮರ್ಥಿಸಲಾರೆ. ಆದರೆ ಅನುಕಂಪವೇ ಆ ಮಗುವನ್ನು ಸೆರೆಯಲ್ಲಿಟ್ಟಿತ್ತೆಂಬುದನ್ನು ಆ ಮನೆಯಲ್ಲಿ ಕಂಡವಳು ಈಕೆಯೊಬ್ಬಳೇ.

ಮನೆಯವರು ನಡುವೆ ಬಾರದಂತೆ, ಹೆಲೆನ್ನಳೊಡನೆ ತೋಟದ ಪುಟ್ಟ ಮನೆಯಲ್ಲಿ ಎರಡು ವಾರ ಇದ್ದಳು. ಅಲ್ಲಿ ಹುಡುಗಿ ಪಳಗಿದಳು. ಬೊಂಬೆ ಕೊಡುವ ಮುನ್ನ ಬೊಂಬೆಯ ಅಕ್ಷರ, ಕೇಕು ಕೊಡುವ ಮುನ್ನ ಕೇಕಿನ ಅಕ್ಷರ. ಕೈಯೇನೋ ಅನುಕರಿಸುತ್ತಿತ್ತು, ಅರ್ಥ ಹುಟ್ಟಿರಲಿಲ್ಲ. ಒಂದು ದಿನ ತಂದೆಯೊಡನೆ ಬಂದ ಮನೆಯ ನಾಯಿಯ ಪಂಜವನ್ನು ಹಿಡಿದು ಹೆಲೆನ್ ಅದಕ್ಕೂ ಬೊಂಬೆಯ ಅಕ್ಷರವನ್ನು ಕಲಿಸತೊಡಗಿದಳಂತೆ. ಪಂಪಿನ ಕಥೆಗಿಂತ ನನಗೆ ಇದೇ ಹೆಚ್ಚು ಪ್ರಿಯ. ಏಪ್ರಿಲ್ 5ರಂದು ಪಂಪಿನ ನೀರು ಕೈಮೇಲೆ ಸುರಿಯುತ್ತಿರುವಾಗ ವಸ್ತುವಿಗೊಂದು ಹೆಸರುಂಟೆಂಬುದು ಹೊಳೆದು, ಕೆಲವೇ ಗಂಟೆಗಳಲ್ಲಿ ಮೂವತ್ತು ಹೊಸ ಮಾತು ಬಂದುವು.

ಬೇರೊಬ್ಬರಾಗಿದ್ದರೆ ಗೆದ್ದ ಕ್ರಮವನ್ನೇ ಹಿಡಿದು ಮುಂದುವರಿಯುತ್ತಿದ್ದರು. ಆನ್ ಒಂದು ವಾರದೊಳಗೆ ಅದನ್ನು ಬಿಟ್ಟಳು! ಹೆಲೆನ್ನಳ ಹದಿನೈದು ತಿಂಗಳ ಸೋದರ ಸಂಬಂಧಿಯೊಂದು ಆ ಮನೆಯಲ್ಲಿ ಆಡುತ್ತಿತ್ತು. ಅದಕ್ಕೆ ಯಾರೂ ಪಾಠ ಹೇಳುತ್ತಿರಲಿಲ್ಲ; ಸುತ್ತಲಿನವರು ಮಾತನಾಡುತ್ತಿದ್ದರು, ಅದು ತಾನು ಆಡುವ ಮೊದಲೇ ಅರಿಯುತ್ತಿತ್ತು. ಇದನ್ನು ನೋಡಿ, ಇನ್ನು ಗಂಟೆ ಕಟ್ಟಿದ ಪಾಠ ಬೇಡ, ಮಗುವಿನ ಕಿವಿಯಲ್ಲಿ ಆಡುವಂತೆ ಇವಳ ಕೈಯಲ್ಲಿ ಇಡಿಯ ವಾಕ್ಯಗಳನ್ನೇ ಆಡುತ್ತೇನೆಂದು ಆಕೆ ನಿಶ್ಚಯಿಸಿದಳು. ತೋಟ, ಕೋಳಿಮರಿ, ಹೂವು, ಇವೇ ಪಾಠಶಾಲೆಯಾದುವು.

ನಮ್ಮ ನೆಂಟರ ಹುಡುಗಿಯೊಬ್ಬಳು ಅನ್ವಯಿಕ ವರ್ತನಾ ವಿಶ್ಲೇಷಣೆ ಎಂಬ ವೃತ್ತಿಗೆ ಓದುತ್ತಿದ್ದಾಳೆ. ಮಾತು ಬಾರದ, ಹಟದ ಮಕ್ಕಳ ನಡತೆಗೆ ಮುಂಚೆ ಏನಾಯಿತು, ಅನಂತರ ಏನು ದೊರೆಯಿತು ಎಂದು ಗಮನಿಸಿ, ಬರೆದಿಟ್ಟುಕೊಂಡು, ಬೇಕಾದ ನಡತೆಯನ್ನು ಬಹುಮಾನದಿಂದ ಬೆಳೆಸುವ ವಿದ್ಯೆ ಇದು. 1960ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡಿತು. ಅಲ್ಲಿ ಸಹಾಯಕನಾಗಲು 40 ಗಂಟೆಗಳ ತರಬೇತಿ. ಪೂರ್ಣ ವಿಶ್ಲೇಷಕನಾಗಲು ಸ್ನಾತಕೋತ್ತರ ಪದವಿ, ಹಿರಿಯರ ಮೇಲ್ವಿಚಾರಣೆಯಲ್ಲಿ ಸುಮಾರು 2,000 ಗಂಟೆಗಳ ಕೆಲಸ, ಬಳಿಕ ಪರೀಕ್ಷೆ. ಮೇಜಿನ ಮುಂದಿನ ಪಾಠವನ್ನು ಬಿಟ್ಟು ಆಟದ ನಡುವೆಯೇ ಮಾತು ಕಲಿಸುವ ಕ್ರಮವನ್ನು ಕಾನ್ಸಾಸಿನ ಹಾರ್ಟ್ ಮತ್ತು ರಿಸ್ಲೆ ಎಂಬ ವಿದ್ವಾಂಸರು 1975ರಲ್ಲಿ ಶಾಸ್ತ್ರೋಕ್ತವಾಗಿ ವಿವರಿಸಿದರು. ಆ ಹುಡುಗಿಗೆ ನಾನು ಆನ್ ಸಲಿವನ್ನಳ ಪತ್ರಗಳನ್ನು ಓದಲು ಕೊಟ್ಟೆ. ಗಂಟೆಗಳ ಲೆಕ್ಕ ಅವಳಿಗೆ ಬೇಕೇ ಬೇಕು. ಗೆದ್ದ ಒಂದು ವಾರದೊಳಗೆ ತನ್ನ ಕ್ರಮವನ್ನೇ ಬದಲಿಸಬಲ್ಲ ಧೈರ್ಯವನ್ನು ಯಾವ ಪರೀಕ್ಷೆ ಅಳೆದೀತು?

ಮುಂದಿನದು ಲೋಕಕ್ಕೆ ಗೊತ್ತಿರುವ ಕಥೆ. 1900ರಲ್ಲಿ ಹೆಲೆನ್ ರ‍್ಯಾಡ್‌ಕ್ಲಿಫ್ ಕಾಲೇಜು ಸೇರಿದಾಗ ಆನ್ ಪಕ್ಕದಲ್ಲಿ ಕುಳಿತು ಉಪನ್ಯಾಸಗಳನ್ನೆಲ್ಲ ಅಂಗೈಗೆ ಇಳಿಸಿದಳು. ಬ್ರೈಲಿನಲ್ಲಿಲ್ಲದ ಪುಸ್ತಕಗಳನ್ನು ಓದಿ ಹೇಳಿದಳು. 1904ರಲ್ಲಿ ಪದವಿ ಬಂದದ್ದು ಹೆಲೆನ್ನಳಿಗೆ ಮಾತ್ರ. 1905ರಲ್ಲಿ ಜಾನ್ ಮೇಸಿಯನ್ನು ಮದುವೆಯಾದಳು. ಆ ದಾಂಪತ್ಯ ನಿಲ್ಲಲಿಲ್ಲ. ಬರಬರುತ್ತ ಕಣ್ಣು ಪೂರ್ತಿ ಹೋಯಿತು. 1936ರ ಅಕ್ಟೋಬರ್ 20ರಂದು ನ್ಯೂಯಾರ್ಕಿನಲ್ಲಿ ಕಣ್ಮುಚ್ಚಿದಾಗ ಹೆಲೆನ್ ಹತ್ತಿರವೇ ಇದ್ದಳು. ವಾಷಿಂಗ್ಟನ್ನಿನ ದೊಡ್ಡ ಇಗರ್ಜಿಯಲ್ಲಿ ಆಕೆಯ ಚಿತಾಭಸ್ಮವನ್ನಿಟ್ಟರು. 1968ರಲ್ಲಿ ಶಿಷ್ಯೆಯದನ್ನೂ ಅಲ್ಲಿಗೇ ತಂದರು.