ಸ್ಯಾಂಡೋ ಬನಿಯನ್ನಿನ ಹಿಂದಿನ ಸ್ಯಾಂಡೋ: ‘ಸಿಕ್ಸ್ ಪ್ಯಾಕ್’ ಎಲ್ಲರಿಗೂ ಸಾಧ್ಯವೇ?

ನಿಮ್ಮ ಮನೆಯ ಬಟ್ಟೆ ಒಣಗಿಸುವ ತಂತಿಯ ಮೇಲೆ ತೋಳಿಲ್ಲದ ಬಿಳಿ ಬನಿಯನ್ ಒಂದಾದರೂ ಇರಬಹುದು. ಅಂಗಡಿಯಲ್ಲಿ ಅದನ್ನು ನಾವು ‘ಸ್ಯಾಂಡೋ ಬನಿಯನ್’ ಎಂದೇ ಕೇಳುತ್ತೇವೆ. ಈ ಸ್ಯಾಂಡೋ ಕಂಪನಿಯ ಹೆಸರಲ್ಲ, ಒಬ್ಬ ಮನುಷ್ಯನ ಹೆಸರು. ನೂರಾ ಮೂವತ್ತು ವರ್ಷಗಳ ಹಿಂದೆ ಆತನ ಮೈಕಟ್ಟನ್ನು, ಅದರಲ್ಲೂ ಹೊಟ್ಟೆಯ ಮೇಲೆ ಎದ್ದು ಕಾಣುತ್ತಿದ್ದ ಸ್ನಾಯುಗಳ ಸಾಲನ್ನು ನೋಡಲು ಜನ ದುಡ್ಡು ಕೊಟ್ಟು ಟಿಕೆಟ್ ಕೊಳ್ಳುತ್ತಿದ್ದರು.

ಇಂದು ಮೊಬೈಲ್ ತೆರೆದರೆ ಸಾಕು, ಮೂವತ್ತು ದಿನಗಳಲ್ಲಿ ಸಿಕ್ಸ್ ಪ್ಯಾಕ್ ಕೊಡಿಸುವ ಜಾಹೀರಾತುಗಳು ಸಾಲಾಗಿ ಬರುತ್ತವೆ. ಇದು ನಿಜಕ್ಕೂ ಸಾಧ್ಯವೇ? ಸಾಧ್ಯವಾದರೂ ಅಷ್ಟು ಕಷ್ಟಪಡುವುದು ಸಾರ್ಥಕವೇ? ಉತ್ತರ ಹುಡುಕಲು ಈ ವ್ಯಾಪಾರವನ್ನು ಶುರು ಮಾಡಿದವನ ಬದುಕಿಗಿಂತ ಒಳ್ಳೆಯ ದಾರಿ ಇಲ್ಲ.

ಕೋನಿಗ್ಸ್‌ಬರ್ಗಿನ ಹುಡುಗ

ಯೂಜನ್ ಸ್ಯಾಂಡೋ ಹುಟ್ಟಿದ್ದು 1867ರ ಏಪ್ರಿಲ್ 2ರಂದು, ಆಗಿನ ಪ್ರಷ್ಯಾದ ಕೋನಿಗ್ಸ್‌ಬರ್ಗಿನಲ್ಲಿ. ಈಗ ಆ ಊರು ರಷ್ಯಾದ ಕಲಿನಿನ್‌ಗ್ರಾಡ್. ಹುಟ್ಟುಹೆಸರು ಫ್ರೆಡ್ರಿಕ್ ವಿಲ್‌ಹೆಲ್ಮ್ ಮ್ಯುಲರ್. ತಾನು ಚಿಕ್ಕಂದಿನಲ್ಲಿ ಬಡಕಲಾಗಿದ್ದೆ, ಅಪ್ಪನ ಜೊತೆ ಇಟಲಿಗೆ ಹೋದಾಗ ಪ್ರಾಚೀನ ಶಿಲ್ಪಗಳನ್ನು ಕಂಡು ಹಾಗಾಗಬೇಕೆಂದು ನಿಶ್ಚಯಿಸಿದೆ ಎಂದು ಆತ ಮುಂದೆ ಬರೆದುಕೊಂಡ. ಕಥೆ ಚೆನ್ನಾಗಿದೆ. ಆದರೆ ಅದನ್ನು ಹೇಳಿದ್ದು ವ್ಯಾಯಾಮದ ಸಾಮಾನು ಮಾರುತ್ತಿದ್ದ ಸ್ಯಾಂಡೋ ಎಂಬುದು ನೆನಪಿರಲಿ. ‘ಮೊದಲು’ ಮತ್ತು ‘ನಂತರ’ ಎಂದು ಎರಡು ಫೋಟೊ ಅಕ್ಕಪಕ್ಕ ಇಡುವ ಇಂದಿನ ಜಾಹೀರಾತು ಹೇಳುವುದೂ ಇದೇ ಕಥೆಯನ್ನು.

ಸೈನ್ಯಕ್ಕೆ ಸೇರುವ ವಯಸ್ಸು ಬರುತ್ತಿದ್ದಂತೆ ಆತ ಊರು ಬಿಟ್ಟ, ಸರ್ಕಸ್ಸಿನಲ್ಲಿ ಕಸರತ್ತು ಮಾಡಿದ. ಬ್ರಸೆಲ್ಸ್‌ನಲ್ಲಿ ‘ಪ್ರೊಫೆಸರ್ ಅಟಿಲಾ’ ಎಂದು ಹೆಸರಾಗಿದ್ದ ಲೂಯಿ ಡರ್ಲಾಕರ್ ಎಂಬ ಗುರು ಸಿಕ್ಕ. ಅಟಿಲಾ ಈ ಹುಡುಗನಿಂದ ಭಾರವಾದ ಕಬ್ಬಿಣ ಎತ್ತಿಸಿದ. 1889ರಲ್ಲಿ ಲಂಡನ್ನಿನ ವೇದಿಕೆಯೊಂದರಲ್ಲಿ ಸ್ಯಾಮ್ಸನ್ ಎಂಬ ಪೈಲ್ವಾನ ತನ್ನನ್ನು ಸೋಲಿಸುವವರಿಗೆ ಬಹುಮಾನ ಎಂದು ಸವಾಲು ಹಾಕುತ್ತಿದ್ದ. ಸ್ಯಾಂಡೋ ಅವನನ್ನೂ ಅವನ ಶಿಷ್ಯನನ್ನೂ ಸೋಲಿಸಿ ಒಂದೇ ರಾತ್ರಿಯಲ್ಲಿ ಊರಿಗೆಲ್ಲ ಪರಿಚಿತನಾದ.

ಎತ್ತುವ ದೇಹ, ನೋಡುವ ದೇಹವಾದದ್ದು

ಆವರೆಗೆ ಪೈಲ್ವಾನರನ್ನು ಜನ ನೋಡುತ್ತಿದ್ದದ್ದು ಅವರು ಎತ್ತುವ ಭಾರಕ್ಕಾಗಿ. ಅವರಲ್ಲಿ ಅನೇಕರಿಗೆ ಹೊಟ್ಟೆ ದಪ್ಪವಾಗಿಯೇ ಇತ್ತು, ಯಾರೂ ಅದನ್ನು ಕೊರತೆ ಎಂದುಕೊಂಡಿರಲಿಲ್ಲ. ಇದು ಬದಲಾದದ್ದು 1893ರಲ್ಲಿ, ಅಮೆರಿಕದ ಷಿಕಾಗೋದಲ್ಲಿ ವಿಶ್ವಮೇಳ ನಡೆದಾಗ. ಅಲ್ಲಿ ಸ್ಯಾಂಡೋನ ಪ್ರದರ್ಶನ ಏರ್ಪಡಿಸಿದ ಫ್ಲಾರೆನ್ಸ್ ಝೀಗ್‌ಫೆಲ್ಡ್ ಎಂಬ ಯುವಕ ಒಂದು ವಿಷಯ ಗಮನಿಸಿದ: ಸ್ಯಾಂಡೋ ಎಷ್ಟು ಎತ್ತುತ್ತಾನೆ ಎಂಬುದಕ್ಕಿಂತ ಹೇಗೆ ಕಾಣುತ್ತಾನೆ ಎಂಬುದರ ಮೇಲೆಯೇ ಜನರ ಕಣ್ಣು. ಅಂದಿನಿಂದ ಭಾರ ಹಿಂದೆ ಸರಿಯಿತು, ಭಂಗಿ ಮುಂದೆ ಬಂತು.

ಸಂವಹನದ ವಿದ್ಯಾರ್ಥಿಯಾಗಿದ್ದ ನನಗೆ ಈ ಬದುಕಿನಲ್ಲಿ ಅತಿ ಕುತೂಹಲದ ಘಟ್ಟ ಇದೇ. ಸ್ಯಾಂಡೋ ಮೈಗೆ ಬಿಳಿ ಪುಡಿ ಬಳಿದುಕೊಂಡು ಅಮೃತಶಿಲೆಯ ಪ್ರತಿಮೆಯಂತೆ ನಿಲ್ಲುತ್ತಿದ್ದ. ಹಿಂದೆ ಕಪ್ಪು ಪರದೆ, ಸ್ನಾಯುಗಳ ನೆರಳು ಎದ್ದು ಕಾಣುವಂತೆ ಬೆಳಕು. ಅದೇ ವರ್ಷ ನ್ಯೂಯಾರ್ಕಿನ ಖ್ಯಾತ ಛಾಯಾಗ್ರಾಹಕ ನೆಪೋಲಿಯನ್ ಸರೋನಿ ಆತನ ಚಿತ್ರಗಳನ್ನು ತೆಗೆದ. 1894ರಲ್ಲಿ ಥಾಮಸ್ ಎಡಿಸನ್ನನ ಸ್ಟುಡಿಯೊದಲ್ಲಿ ಆತನ ಭಂಗಿಗಳನ್ನು ಚಲನಚಿತ್ರವಾಗಿ ಸೆರೆಹಿಡಿದರು. ಚಲನಚಿತ್ರ ಆಗಿನ್ನೂ ಕೂಸು. ಅದು ದಾಖಲಿಸಿದ ಮೊದಮೊದಲ ದೃಶ್ಯಗಳಲ್ಲಿ ಸ್ನಾಯು ಬಿಗಿಹಿಡಿದು ನಿಂತ ಗಂಡಸಿನ ದೇಹವೂ ಒಂದು.

ಬೆಳಕಿನ ಈ ಆಟವನ್ನು ನೀವೇ ಮನೆಯಲ್ಲಿ ಮಾಡಿ ನೋಡಬಹುದು. ಕೋಣೆ ಕತ್ತಲಾಗಿಸಿ ಕನ್ನಡಿಯ ಮುಂದೆ ನಿಂತು, ಮೊಬೈಲ್ ಟಾರ್ಚನ್ನು ನೇರ ಎದುರಿಗೆ ಹಿಡಿದು ಹೊಟ್ಟೆ ನೋಡಿಕೊಳ್ಳಿ. ಆಮೇಲೆ ಟಾರ್ಚನ್ನು ತಲೆಯ ಮೇಲಕ್ಕೆ ಎತ್ತಿ, ಬೆಳಕು ಮೇಲಿನಿಂದ ಬೀಳುವಂತೆ ಮಾಡಿ. ಇಲ್ಲದ ಗೆರೆಗಳು ತುಸು ಮೂಡುತ್ತವೆ, ಇದ್ದ ಗೆರೆಗಳು ಇಮ್ಮಡಿಯಾಗುತ್ತವೆ. ಎರಡು ನಿಮಿಷದಲ್ಲಿ ನಿಮ್ಮ ದೇಹ ಬದಲಾಗಲಿಲ್ಲ, ಬದಲಾದದ್ದು ನೆರಳು ಮಾತ್ರ.

ಆ ಗೆರೆಗಳು ಎಂದರೇನು?

ಎದೆಗೂಡಿನಿಂದ ಕಿಬ್ಬೊಟ್ಟೆಯವರೆಗೆ ಎರಡು ಪಟ್ಟಿಗಳಂತೆ ಇಳಿಯುವ ಸ್ನಾಯುವಿನ ಹೆಸರು ರೆಕ್ಟಸ್ ಅಬ್ಡಾಮಿನಿಸ್. ನಡುವೆ ಉದ್ದಕ್ಕೆ ಒಂದು ಬಿಳಿಯ ಅಂಗಾಂಶದ ಗೆರೆ. ಅಡ್ಡಕ್ಕೆ, ಸಾಮಾನ್ಯವಾಗಿ ಮೂರು ಕಡೆ, ಸ್ನಾಯುರಜ್ಜಿನ ಪಟ್ಟಿಗಳು. ಈ ಗೆರೆಗಳ ನಡುವೆ ಉಬ್ಬಿ ಕಾಣುವುದೇ ‘ಪ್ಯಾಕ್’. ಇದು ಎಲ್ಲರಿಗೂ ಇದೆ. ಎಷ್ಟು ಅಡ್ಡಗೆರೆ, ಅವು ನೇರವೋ ಓರೆಯೋ ಎಂಬುದು ಹುಟ್ಟಿನಿಂದಲೇ ನಿರ್ಧಾರವಾಗಿರುತ್ತದೆ. ಯಾವ ವ್ಯಾಯಾಮದಿಂದಲೂ ನಾಲ್ಕನ್ನು ಆರು ಮಾಡಲಾಗದು.

ಹಾಗಾದರೆ ನಮ್ಮದು ಏಕೆ ಕಾಣುವುದಿಲ್ಲ? ಸ್ನಾಯುವಿನ ಮೇಲೆ, ಚರ್ಮದ ಕೆಳಗೆ ಕೊಬ್ಬಿನ ಹೊದಿಕೆ ಇದೆ. ಗೆರೆಗಳು ಸ್ಪಷ್ಟವಾಗಿ ಕಾಣಬೇಕಾದರೆ ಸ್ಥೂಲವಾಗಿ ಹೇಳುವುದಾದರೆ ಗಂಡಸರಲ್ಲಿ ದೇಹದ ಕೊಬ್ಬು ಶೇ 10–12ರ ಆಸುಪಾಸಿಗೆ ಇಳಿಯಬೇಕು. ಹೆಂಗಸರಲ್ಲಿ ಶೇ 16–20ರ ಆಸುಪಾಸು. ಆರೋಗ್ಯವಾಗಿರುವ ಬಹುತೇಕರ ಕೊಬ್ಬಿನ ಪ್ರಮಾಣ ಇದಕ್ಕಿಂತ ಹೆಚ್ಚು, ಹಾಗಿರುವುದು ಕಾಯಿಲೆಯಲ್ಲ.

ಹೊಟ್ಟೆಯ ವ್ಯಾಯಾಮ ಮಾಡಿದರೆ ಹೊಟ್ಟೆಯ ಕೊಬ್ಬೇ ಕರಗುತ್ತದೆ ಎಂಬುದು ಇನ್ನೊಂದು ನಂಬಿಕೆ. 2011ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಒಟ್ಟು 24 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿನಿಂದ ವಾರಕ್ಕೆ ಐದು ದಿನದಂತೆ ಆರು ವಾರ ಹೊಟ್ಟೆಯ ಏಳು ಬಗೆಯ ವ್ಯಾಯಾಮ ಮಾಡಿಸಿದರು. ಅವರ ಹೊಟ್ಟೆಯ ಸ್ನಾಯುಗಳ ತಾಳಿಕೆ ಹೆಚ್ಚಿತು. ಹೊಟ್ಟೆಯ ಕೊಬ್ಬು ಮಾತ್ರ ಕರಗಲಿಲ್ಲ. ಕೊಬ್ಬನ್ನು ದೇಹ ಎಲ್ಲಿಂದ ಮೊದಲು ತೆಗೆಯಬೇಕು ಎಂಬ ತೀರ್ಮಾನ ನಮ್ಮ ಕೈಯಲ್ಲಿಲ್ಲ.

ಕಲಿತದ್ದು ಒಂದು, ಮಾರಿದ್ದು ಇನ್ನೊಂದು

ಸ್ಯಾಂಡೋ ಹುಟ್ಟಿನಿಂದಲೇ ಒಳ್ಳೆಯ ಮೈಕಟ್ಟು ಪಡೆದಿದ್ದ, ಮೇಲೆ ವರ್ಷಗಟ್ಟಲೆ ಭಾರ ಎತ್ತಿದ್ದ, ದೇಹವೇ ಆತನ ಹೊಟ್ಟೆಪಾಡು. ಆದರೆ ಲಂಡನ್ನಿಗೆ ಮರಳಿದ ಮೇಲೆ 1897ರಲ್ಲಿ ವ್ಯಾಯಾಮ ಸಂಸ್ಥೆ ತೆರೆದು, ಪುಸ್ತಕ ಬರೆದು, 1898ರಲ್ಲಿ ಪತ್ರಿಕೆ ಆರಂಭಿಸಿ ಆತ ಜನರಿಗೆ ಹೇಳಿಕೊಟ್ಟದ್ದು ಬೇರೆಯೇ: ಮನೆಯಲ್ಲೇ ದಿನಕ್ಕೆ ಸ್ವಲ್ಪ ಹೊತ್ತು, ಹಗುರ ಡಂಬೆಲ್ ಹಿಡಿದು, ಮನಸ್ಸನ್ನು ಸ್ನಾಯುವಿನ ಮೇಲೆ ಇಟ್ಟು ಮಾಡುವ ಕಸರತ್ತು. ಅಂಚೆಯ ಮೂಲಕ ಪಾಠ, ಸ್ಪ್ರಿಂಗ್ ಇರುವ ಡಂಬೆಲ್, ರಬ್ಬರಿನ ಎಳೆಯುವ ಸಾಧನ, ಕೊನೆಗೆ ಕೋಕೋ ಪುಡಿ, ಹೆಂಗಸರ ಕಾರ್ಸೆಟ್ ಕೂಡ ಆತನ ಹೆಸರಿನಲ್ಲಿ ಬಂದವು.

ಹಗುರ ಡಂಬೆಲ್ ಕೆಟ್ಟದ್ದೇನಲ್ಲ. ಕಚೇರಿಯಲ್ಲಿ ದಿನವಿಡೀ ಕೂರುವ ಗುಮಾಸ್ತನಿಗೆ ಅದರಿಂದ ನಿಜವಾದ ಲಾಭವಿತ್ತು. ಆದರೆ ಸ್ಯಾಂಡೋನ ದೇಹವನ್ನು ಕಟ್ಟಿದ್ದು ಅದಲ್ಲ. ಡಬ್ಬಿಯ ಮೇಲಿನ ಚಿತ್ರ ಒಂದು, ಡಬ್ಬಿಯ ಒಳಗಿನ ವಸ್ತು ಇನ್ನೊಂದು. ಇಂದು ಪ್ರೋಟೀನ್ ಪುಡಿಯ ಡಬ್ಬಿಯನ್ನೋ ಹೊಟ್ಟೆಗೆ ಕಟ್ಟುವ ಕಂಪಿಸುವ ಬೆಲ್ಟನ್ನೋ ಕೊಳ್ಳುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಇದೇ: ಚಿತ್ರದಲ್ಲಿರುವವರ ಮೈಕಟ್ಟು ಈ ವಸ್ತುವಿನಿಂದ ಬಂದದ್ದೇ?

ದೊಡ್ಡ ಸ್ನಾಯುವಿಗೆ ಬಹುಮಾನವಿಲ್ಲ

ಸ್ಯಾಂಡೋನನ್ನು ಬರೀ ವ್ಯಾಪಾರಿ ಎಂದು ತಳ್ಳಿಹಾಕುವುದೂ ತಪ್ಪು. 1901ರ ಸೆಪ್ಟೆಂಬರ್ 14ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಆತ ದೇಹದಾರ್ಢ್ಯ ಸ್ಪರ್ಧೆ ನಡೆಸಿದ. ತೀರ್ಪುಗಾರರಾಗಿ ಆತನ ಜೊತೆ ಕೂತವರು ಶಿಲ್ಪಿ ಚಾರ್ಲ್ಸ್ ಲಾಸ್ ಮತ್ತು ಷರ್ಲಾಕ್ ಹೋಮ್ಸ್‌ನನ್ನು ಸೃಷ್ಟಿಸಿದ ಆರ್ಥರ್ ಕಾನನ್ ಡಾಯ್ಲ್. ಅಳತೆಗೋಲುಗಳನ್ನು ಗಮನಿಸಿ: ಒಟ್ಟಾರೆ ಬೆಳವಣಿಗೆ, ಅಂಗಾಂಗಗಳ ಸಮತೋಲ, ಅಂಗಾಂಶಗಳ ಬಿಗಿ, ಆರೋಗ್ಯ, ಚರ್ಮದ ಸ್ಥಿತಿ. ಬರೀ ಗಾತ್ರಕ್ಕೆ ಬೆಲೆ ಇರಲಿಲ್ಲ. ನಾಟಿಂಗ್‌ಹ್ಯಾಮ್‌ನ ವಿಲಿಯಂ ಮರ್ರೆ ಗೆದ್ದ. ಆರೋಗ್ಯವನ್ನೂ ಅಂಕಪಟ್ಟಿಯಲ್ಲಿ ಸೇರಿಸಿದ ಆ ಎಚ್ಚರ ನಂತರದ ದಿನಗಳಲ್ಲಿ ಮಾಯವಾಯಿತು. ಆದರೆ ಸ್ಯಾಂಡೋನ ಪ್ರತಿಮೆ ಉಳಿಯಿತು, ಇಂದಿಗೂ ಮಿಸ್ಟರ್ ಒಲಿಂಪಿಯಾ ವಿಜೇತರಿಗೆ ಕೊಡುವುದು ಅದನ್ನೇ.

ಅದೇ ವರ್ಷ ಲಂಡನ್ನಿನ ನಿಸರ್ಗ ವಿಜ್ಞಾನದ ವಸ್ತುಸಂಗ್ರಹಾಲಯ ಆತನ ಇಡೀ ದೇಹದ ಪ್ಲಾಸ್ಟರ್ ಅಚ್ಚು ತೆಗೆಸಿತು, ಯುರೋಪಿನ ‘ಜನಾಂಗ’ದ ಮಾದರಿ ಎಂದು. ಲಕ್ಷದಲ್ಲೊಬ್ಬನ ದೇಹವನ್ನು ಎಲ್ಲರ ಮಾದರಿ ಎಂದು ನಿಲ್ಲಿಸುವ ತಪ್ಪಿಗೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ.

ಭಾರತದಲ್ಲಿ ಸ್ಯಾಂಡೋ

1904–05ರಲ್ಲಿ ಸ್ಯಾಂಡೋ ಭಾರತ ಸುತ್ತಿದ. ಹೆಸರು ಬಿರುದಾಯಿತು: ಆಂಧ್ರದ ಕೋಡಿ ರಾಮಮೂರ್ತಿ ನಾಯ್ಡು ‘ಭಾರತದ ಸ್ಯಾಂಡೋ’ ಎನಿಸಿಕೊಂಡರು. ಬೆಂಗಳೂರಿನಲ್ಲಿ ಕೆ.ವಿ. ಅಯ್ಯರ್ ಯುರೋಪಿನ ದೇಹದಾರ್ಢ್ಯ ಪದ್ಧತಿಯನ್ನು ಸೂರ್ಯನಮಸ್ಕಾರ ಮತ್ತು ಆಸನಗಳೊಂದಿಗೆ ಬೆಸೆದು ಸಾವಿರಾರು ಜನರಿಗೆ ಕಲಿಸಿದರು. ‘ಶಾಂತಲಾ’ ಮತ್ತು ‘ರೂಪದರ್ಶಿ’ ಬರೆದ ಕಾದಂಬರಿಕಾರ ಅಯ್ಯರ್ ಇವರೇ.

ಆದರೆ ಸ್ಯಾಂಡೋನ ದೇಹವನ್ನು ಅಳತೆಗೋಲಾಗಿ ಹಿಡಿದರೆ ನಮಗೆ ಒಂದು ಹೆಚ್ಚಿನ ತೊಡಕಿದೆ. ಪುಣೆಯ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಬ್ರಿಟನ್ನಿನ ವೈದ್ಯ ಜಾನ್ ಯಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮದೇ ಚಿತ್ರ ಪ್ರಕಟಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕವಾದ ಬಿಎಂಐ ಇಬ್ಬರದ್ದೂ 22.3. ದೇಹದ ಕೊಬ್ಬು ಮಾತ್ರ ಯಡ್ಕಿನ್‌ಗೆ ಶೇ 9.1, ಯಾಜ್ಞಿಕ್‌ಗೆ ಶೇ 21.2. ಅದೇ ತೂಕಕ್ಕೆ ಹೆಚ್ಚು ಕೊಬ್ಬು, ಅದೂ ಹೊಟ್ಟೆಯ ಸುತ್ತ, ದಕ್ಷಿಣ ಏಷ್ಯಾದವರಲ್ಲಿ ಸಾಮಾನ್ಯ. ಬೇರೆಯವರಿಗೆ ಮೂರು ತಿಂಗಳಲ್ಲಿ ಕಂಡ ಗೆರೆ ನಿಮಗೆ ಕಾಣದಿದ್ದರೆ ಅದು ನಿಮ್ಮ ಸೋಮಾರಿತನವೇ ಆಗಬೇಕಿಲ್ಲ.

ಕೊನೆಯ ದಿನಗಳು

1911ರಲ್ಲಿ ಬ್ರಿಟನ್ನಿನ ದೊರೆ ಐದನೇ ಜಾರ್ಜ್ ಸ್ಯಾಂಡೋಗೆ ವ್ಯಾಯಾಮ ಶಿಕ್ಷಕನ ಗೌರವ ಕೊಟ್ಟ. ಮೊದಲ ಮಹಾಯುದ್ಧದ ಹೊತ್ತಿಗೆ ಕೋಕೋ ವ್ಯಾಪಾರ ಮುಳುಗಿತು. 1925ರ ಅಕ್ಟೋಬರ್ 14ರಂದು, 58ನೇ ವಯಸ್ಸಿನಲ್ಲಿ ಆತ ತೀರಿಕೊಂಡ. ಹಳ್ಳಕ್ಕೆ ಬಿದ್ದ ಕಾರನ್ನು ಒಬ್ಬನೇ ಎತ್ತಿದ್ದರ ಪರಿಣಾಮ ಮಿದುಳಿನಲ್ಲಿ ರಕ್ತಸ್ರಾವವಾಯಿತು ಎಂಬ ಕಥೆ ಪತ್ರಿಕೆಗಳಲ್ಲಿ ಹರಡಿತು. ಮರಣದ ದಾಖಲೆಯಲ್ಲಿರುವ ಕಾರಣ ಮಹಾಪಧಮನಿಯ ಉಬ್ಬು. ಜಗತ್ತೇ ನೋಡಿದ ಆ ಹೊರಮೈ ಒಳಗಿನ ರಕ್ತನಾಳದ ಬಗ್ಗೆ ಏನನ್ನೂ ಹೇಳಿರಲಿಲ್ಲ. ಲಂಡನ್ನಿನ ಪಟ್ನಿ ವೇಲ್ ಸ್ಮಶಾನದ ಆತನ ಸಮಾಧಿಯ ಮೇಲೆ ಬಹುಕಾಲ ಹೆಸರಿನ ಕಲ್ಲೂ ಇರಲಿಲ್ಲ.

ಹಾಗಾದರೆ, ಸಾರ್ಥಕವೇ?

ಸಿಕ್ಸ್ ಪ್ಯಾಕ್ ಅಸಾಧ್ಯವಲ್ಲ. ತಿಂಗಳುಗಟ್ಟಲೆ ಅಳೆದು ಉಂಡು, ಭಾರ ಎತ್ತಿ, ಸರಿಯಾಗಿ ನಿದ್ದೆ ಮಾಡಿದರೆ ಹಲವರಿಗೆ ಕಾಣಿಸಬಹುದು. ಕಷ್ಟವಿರುವುದು ಉಳಿಸಿಕೊಳ್ಳುವುದರಲ್ಲಿ. ಹಬ್ಬದ ಹೋಳಿಗೆ, ಮದುವೆಯ ಊಟ, ರಾತ್ರಿ ಪಾಳಿ, ಮಗುವಿನ ಜ್ವರ ಎಲ್ಲವೂ ಲೆಕ್ಕವನ್ನು ಅಲುಗಾಡಿಸುತ್ತವೆ. ಊಟ ಅತಿಯಾಗಿ ಕಡಿಮೆಯಾದರೆ ಹೆಂಗಸರಲ್ಲಿ ಮುಟ್ಟು ನಿಲ್ಲಬಹುದು, ಗಂಡಸರಲ್ಲಿ ಟೆಸ್ಟೋಸ್ಟೆರಾನ್ ಇಳಿಯಬಹುದು, ಮೂಳೆ ಸೊರಗಬಹುದು. ಕನ್ನಡಿ ಮಾತ್ರ ಆಗಲೂ ಹೊಗಳುತ್ತಲೇ ಇರುತ್ತದೆ.

ಆರೋಗ್ಯಕ್ಕೆ ಮುಖ್ಯವಾದದ್ದು ಚರ್ಮದಡಿಯ ಆ ತೆಳು ಪದರಕ್ಕಿಂತ ಹೆಚ್ಚಾಗಿ ಯಕೃತ್ತು, ಕರುಳುಗಳ ಸುತ್ತ ಸೇರುವ ಒಳಕೊಬ್ಬು. ಮಧುಮೇಹ, ಹೃದ್ರೋಗಗಳ ನಂಟು ಇದರೊಂದಿಗೆ ಗಟ್ಟಿ. ವ್ಯಾಯಾಮದಿಂದ, ತೂಕ ಅಷ್ಟಾಗಿ ಇಳಿಯದಿದ್ದರೂ ಈ ಕೊಬ್ಬು ಕರಗುತ್ತದೆ. ಅಳೆಯಲು ಟೇಪು ಸಾಕು: ಭಾರತೀಯರಲ್ಲಿ ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟದಂತೆ ನೋಡಿಕೊಳ್ಳಿ. ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆಯಂಥ ಚಟುವಟಿಕೆ, ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಸ್ಯಾಂಡೋನಿಂದ ತೆಗೆದುಕೊಳ್ಳಬೇಕಾದದ್ದು ಇಷ್ಟು: ಸಾಮಾನ್ಯ ಮನುಷ್ಯನೂ ದಿನಾ ಸ್ವಲ್ಪ ಹೊತ್ತು ದೇಹ ದಂಡಿಸಬೇಕು ಎಂಬ ಮಾತು. ಬಿಟ್ಟುಬಿಡಬೇಕಾದದ್ದು ಬಿಳಿ ಪುಡಿ ಮತ್ತು ವೇದಿಕೆಯ ದೀಪ. ಅವು ಆತನ ಕಸುಬಿಗೆ ಬೇಕಿದ್ದವು. ನಮಗೆ ಬನಿಯನ್ ಸಾಕು.