ಕರ್ನಲ್ ಫಿಲಿಪ್ ಮೆಡೋಸ್ ಟೇಲರ್

ಹತ್ತೊಂಬತ್ತನೆಯ ಶತಮಾನದ ಹೈದರಾಬಾದ್ ಸಂಸ್ಥಾನದಲ್ಲಿ ಅಧಿಕಾರಕ್ಕೆ ಎರಡು ಮನೆಗಳಿದ್ದವು. ಒಂದು ನಿಜಾಮನ ಅರಮನೆ, ಮತ್ತೊಂದು ಮೂಸಿ ನದಿಯ ಉತ್ತರ ದಡದಲ್ಲಿದ್ದ ಬ್ರಿಟಿಷ್ ರೆಸಿಡೆಂಟನ ಕೋಠಿ. ನಿಜಾಮನ ಹೆಸರಿನಲ್ಲಿ ಒಂದು ಸೈನ್ಯವಿತ್ತು. ಅದರ ವೆಚ್ಚ ನಿಜಾಮನ ಬೊಕ್ಕಸದ ಮೇಲೆ ಬೀಳುತ್ತಿತ್ತು. ಆದರೆ ಅದನ್ನು ನಡೆಸುತ್ತಿದ್ದವರು ಆಂಗ್ಲ ಅಧಿಕಾರಿಗಳು, ಅವರಿಗೆ ಅಪ್ಪಣೆ ಬರುತ್ತಿದ್ದುದು ಕೋಠಿಯಿಂದ. ಈ ವಿಚಿತ್ರ ವ್ಯವಸ್ಥೆಯೊಳಗೆ ಹದಿನಾರರ ಹರೆಯದಲ್ಲಿ ಕಾಲಿಟ್ಟು ಮೂವತ್ತಾರು ವರ್ಷ ದುಡಿದವನು ಮೆಡೋಸ್ ಟೇಲರ್. ಇಂಗ್ಲಿಷ್ ಸಾಹಿತ್ಯದ ಓದುಗರು ಅವನನ್ನು ಕಾದಂಬರಿಕಾರನೆಂದು ಬಲ್ಲರು. ಕನ್ನಡ ನಾಡಿನ ಮಟ್ಟಿಗೆ ಅವನ ಹೆಸರು ಸುರಪುರದೊಡನೆ ಬಿಡಿಸಲಾಗದಂತೆ ಹೆಣೆದುಕೊಂಡಿದೆ.

ಟೇಲರ್ ಹುಟ್ಟಿದ್ದು 1808ರ ಸೆಪ್ಟೆಂಬರ್ 25ರಂದು, ಲಿವರ್‌ಪೂಲ್ ನಗರದಲ್ಲಿ. ತಾಯಿ ನಾರ್ತಂಬರ್ಲೆಂಡಿನ ಮಿಟ್‌ಫರ್ಡ್ ಕೋಟೆಯ ಪ್ರಾಚೀನ ಕುಲೀನ ಮನೆತನದ ಮಗಳು, ತಂದೆ ವರ್ತಕ. ಕುಲದ ಹೆಮ್ಮೆ ತಾಯಿಯ ಕಡೆಯಿಂದ ಬಂದರೆ ಬದುಕಿನ ಅನಿಶ್ಚಿತತೆ ತಂದೆಯ ವ್ಯಾಪಾರದಿಂದ ಬಂದಿತು. ಹದಿನೈದು ವರ್ಷದ ಹುಡುಗನನ್ನು ಮುಂಬಯಿಯ ಬ್ಯಾಕ್ಸ್‌ಟರ್ ಎಂಬ ವರ್ತಕನ ಬಳಿ ಗುಮಾಸ್ತನಾಗಿರಲು ಹಡಗು ಹತ್ತಿಸಿದರು. ಮುಂದೆ ವ್ಯಾಪಾರದಲ್ಲಿ ಪಾಲು ದೊರೆಯುವುದೆಂಬ ಭರವಸೆಯಿತ್ತು. ಮುಂಬಯಿಗೆ ಬಂದು ನೋಡಿದರೆ ಆ ವರ್ತಕನೇ ಸಾಲದಲ್ಲಿ ಮುಳುಗಿದ್ದನು. ತಾಯಿಯ ಕಡೆಯ ಬಂಧುವೊಬ್ಬ ಮುಂಬಯಿ ಸರ್ಕಾರದಲ್ಲಿ ಉನ್ನತ ಹುದ್ದೆಯಲ್ಲಿದ್ದುದರಿಂದ 1824ರಲ್ಲಿ ನಿಜಾಮನ ಸೇನೆಯಲ್ಲಿ ಹುಡುಗನಿಗೆ ಒಂದು ಸ್ಥಾನ ದೊರಕಿತು.

ಈ ನೇಮಕದಲ್ಲಿ ಅವನ ಬಾಳನ್ನು ಕೊನೆಯವರೆಗೂ ಕಾಡಿದ ಒಂದು ತೊಡಕು ಅಡಗಿದ್ದಿತು. ಅವನು ಕಂಪನಿಯ ಸೇವಕನಾಗಿರಲಿಲ್ಲ, ನಿಜಾಮನ ಸ್ಥಳೀಯ ಸೇವೆಗೆ ಸೇರಿದವನು. ಎಷ್ಟು ದುಡಿದರೂ ಕಂಪನಿಯ ಸಿವಿಲ್ ಅಧಿಕಾರಿಗಳ ಸಾಲಿನಲ್ಲಿ ಅವನಿಗೆ ಸರಿಸಮಾನವಾದ ಪೀಠವಿರಲಿಲ್ಲ. ಆದರೆ ಈ ಕೊರತೆಯೇ ಅವನನ್ನು ನಾಡಿನ ಜನರ ಹತ್ತಿರಕ್ಕೆ ತಂದಿತೆನ್ನಬೇಕು. ಮುನ್ಷಿಗಳ ಬಳಿ ಕುಳಿತು ದೇಶಭಾಷೆಗಳನ್ನು ಕಲಿತನು. ಬೇಗನೆ ಸೇನೆಯಿಂದ ಪೊಲೀಸ್ ಮತ್ತು ಆಡಳಿತದ ಕೆಲಸಕ್ಕೆ ನೇಮಕಗೊಂಡು ಸಂಸ್ಥಾನದ ನೈರುತ್ಯ ಭಾಗವನ್ನು ಕುದುರೆಯ ಮೇಲೆ ಸುತ್ತಿದನು. ಠಕ್ಕರ ಗುಪ್ತ ಕೊಲೆಗಳ ಸುಳಿವು ಅವನಿಗೆ ದೊರೆತದ್ದು ಈ ಅವಧಿಯಲ್ಲಿ. ಅದನ್ನು ಬೆನ್ನಟ್ಟುವ ಮೊದಲೇ ಸೇನೆಗೆ ಮರಳಬೇಕಾಗಿ ಬಂದು, ಆ ಶೋಧದ ಕೀರ್ತಿ ಸ್ಲೀಮನ್‌ನ ಪಾಲಾಯಿತು. ಮುಂದೆ ಹೈದರಾಬಾದಿನಲ್ಲಿ ಸೆರೆಸಿಕ್ಕ ಠಕ್ಕರ ಹೇಳಿಕೆಗಳನ್ನು ಸ್ವತಃ ಕೇಳುವ ಅವಕಾಶ ಟೇಲರನಿಗೆ ಒದಗಿತು. ಅವನ ಮೊದಲ ಕಾದಂಬರಿ ಹುಟ್ಟಿದ್ದು ಅಲ್ಲಿಂದ.

ಅವನ ವಿವಾಹವೂ ಹೈದರಾಬಾದಿನ ಇತಿಹಾಸದ ಒಂದು ಅಧ್ಯಾಯವೇ ಸರಿ. ಪತ್ನಿ ಮೇರಿ, ವಿಲಿಯಂ ಪಾಮರನ ಮಗಳು. ಆಂಗ್ಲ ಸೇನಾಧಿಪತಿಗೂ ಮೊಗಲ್ ಕುಲದ ಬೇಗಮಳಿಗೂ ಹುಟ್ಟಿದ ಈ ಪಾಮರನು ಹೈದರಾಬಾದಿನಲ್ಲಿ ಸಾಹುಕಾರಿ ಕೋಠಿಯನ್ನು ತೆರೆದು ನಿಜಾಮನಿಗೇ ದುಬಾರಿ ಬಡ್ಡಿಯ ಸಾಲ ಕೊಟ್ಟವನು. 1820ರಲ್ಲಿ ರೆಸಿಡೆಂಟನಾಗಿ ಬಂದ ಚಾರ್ಲ್ಸ್ ಮೆಟ್‌ಕಾಫ್ ಈ ಸಾಲದ ಬಲೆಯನ್ನು ಬಯಲಿಗೆಳೆದ ಮೇಲೆ ಪಾಮರನ ಕೋಠಿ ದಿವಾಳಿಯಾಯಿತು. ಎರಡು ಕುಲಗಳ ರಕ್ತ ಬೆರೆತ ಮನೆಗಳನ್ನು ಆಂಗ್ಲ ಸಮಾಜವು ದೂರವಿಡತೊಡಗಿದ್ದ ಕಾಲ ಅದು. ಅಂಥ ಮನೆಯ ಹೆಣ್ಣನ್ನು ಟೇಲರ್ ವರಿಸಿದನು. ಮೇರಿಯು ಸುರಪುರದ ವರ್ಷಗಳಲ್ಲಿಯೇ ತೀರಿಕೊಂಡಳು. ಅವನು ಮತ್ತೆ ಮದುವೆಯಾಗಲಿಲ್ಲ.

1838ರಿಂದ ಎರಡು ವರ್ಷ ರಜೆಯ ಮೇಲೆ ಇಂಗ್ಲೆಂಡಿನಲ್ಲಿದ್ದಾಗ ಠಕ್ಕನೊಬ್ಬನ ತಪ್ಪೊಪ್ಪಿಗೆಯ ರೂಪದ ಅವನ ಕಾದಂಬರಿ 1839ರಲ್ಲಿ ಹೊರಬಂದಿತು. ವಿಕ್ಟೋರಿಯಾ ರಾಣಿಯವರೆಗೆ ಅದಕ್ಕೆ ಓದುಗರಿದ್ದರು. ಮರುವರ್ಷ ಟಿಪ್ಪೂ ಸುಲ್ತಾನನನ್ನು ಕುರಿತ ಕಾದಂಬರಿ ಬಂದಿತು. ಭಾರತಕ್ಕೆ ಮರಳುವಾಗ ಲಂಡನ್ನಿನ ಟೈಮ್ಸ್ ಪತ್ರಿಕೆಯ ಬಾತ್ಮೀದಾರನ ಹೊಣೆಯನ್ನೂ ಹೊತ್ತು ಬಂದನು.

1841ರಲ್ಲಿ ಅವನನ್ನು ಸುರಪುರಕ್ಕೆ ಕಳುಹಿಸಲಾಯಿತು. ಇಂದಿನ ಯಾದಗಿರಿ ಜಿಲ್ಲೆಯ ಗುಡ್ಡಗಳ ನಡುವಿನ ಸುರಪುರವು ಗೋಸಲ ವಂಶದ ಬೇಡ ನಾಯಕರ ರಾಜಧಾನಿ. 1705ರಲ್ಲಿ ಔರಂಗಜೇಬನು ತನ್ನ ಮುಪ್ಪಿನ ಕೊನೆಯ ಮುತ್ತಿಗೆಯನ್ನು ಹೂಡಿದ್ದು ಈ ನಾಯಕರ ವಾಗಿನಗೇರಿಯ ಮೇಲೆ. ಅಂಥ ಅಭಿಮಾನದ ಮನೆತನ ಟೇಲರನ ಕಾಲಕ್ಕೆ ನಿಜಾಮನಿಗೆ ಸಲ್ಲಬೇಕಾದ ಕಪ್ಪ ಮತ್ತು ನಜರಾಣೆಯ ಬಾಕಿಯಿಂದ ಜರ್ಜರಿತವಾಗಿತ್ತು. ರಾಜಾ ಕೃಷ್ಣಪ್ಪ ನಾಯಕ ತೀರಿಕೊಂಡಿದ್ದನು. ಪಟ್ಟಕ್ಕೆ ಬರಬೇಕಾದ ವೆಂಕಟಪ್ಪ ನಾಯಕ ಇನ್ನೂ ಬಾಲಕ. ಅಧಿಕಾರಕ್ಕಾಗಿ ಒಂದು ಕಡೆ ತಾಯಿ ರಾಣಿ ಈಶ್ವರಮ್ಮ, ಇನ್ನೊಂದು ಕಡೆ ತೀರಿಕೊಂಡ ದೊರೆಯ ತಮ್ಮ ಪಿಡ್ಡನಾಯಕ. ಸುತ್ತಲೂ ಆಯುಧ ಹಿಡಿದ ಸಾವಿರಾರು ಬೇಡರು.

ರಾಣಿ ಈಶ್ವರಮ್ಮನನ್ನು ಕುರಿತು ಟೇಲರ್ ಬರೆದಿಟ್ಟ ಚಿತ್ರ ಕಠೋರವಾದುದು. ಹಠಮಾರಿ, ಸ್ವೇಚ್ಛಾಚಾರಿ, ಕುತಂತ್ರಿ ಎಂಬಂತೆ ಆಕೆ ಅಲ್ಲಿ ಕಾಣಿಸಿಕೊಳ್ಳುತ್ತಾಳೆ. ಹೊರಗಿನಿಂದ ಬಂದ ಅಧಿಕಾರಿಯೊಬ್ಬ ತನ್ನ ಮಗನ ರಾಜ್ಯದ ಬೊಕ್ಕಸದ ಕೀಲಿಯನ್ನು ಕೈಗೆ ತೆಗೆದುಕೊಳ್ಳುವುದನ್ನು ತಡೆಯಹೊರಟ ತಾಯಿಯನ್ನು ಆ ಅಧಿಕಾರಿಯ ಬರಹದಿಂದಲೇ ಅಳೆಯುವುದು ನ್ಯಾಯವಲ್ಲ. ಅಂತೂ ಹೆಚ್ಚಿನ ರಕ್ತಪಾತವಿಲ್ಲದೆ, ಬಹುಮಟ್ಟಿಗೆ ಮಾತಿನ ಬಲದಿಂದಲೇ ಟೇಲರ್ ಆಡಳಿತದ ಹಿಡಿತವನ್ನು ಪಡೆದನು. ಬೇಡ ಮುಖಂಡರೊಡನೆ ನೇರವಾಗಿ ಕುಳಿತು ಅವರ ಮಾನ್ಯಗಳ ತಕರಾರುಗಳನ್ನು ತೀರಿಸಿದನು. ಸಾಲ ಇಳಿಯಿತು, ಕಂದಾಯದ ಲೆಕ್ಕ ನೇರವಾಯಿತು, ಕೆರೆಗಳು ದುರಸ್ತಿಯಾದವು. ನಾಯಕರ ಕಾಲದ ಬೋನಾಳ ಕೆರೆಯನ್ನು ಅವನು ಸುಧಾರಿಸಿದನು. ಇಂದು ಅದು ಪಕ್ಷಿಧಾಮವಾಗಿದೆ. ಗುಡ್ಡದ ಮೇಲೆ ಅವನು ಕಟ್ಟಿಸಿಕೊಂಡ ಮನೆ ಟೇಲರ್ ಮಂಜಿಲ್ ಎಂದು ಹೆಸರಾಯಿತು. ಪ್ರಜೆಗಳು ಅವನನ್ನು ಮಹಾದೇವ ಬಾಬಾ ಎಂದು ಕರೆದರು. ಬಾಲಕ ವೆಂಕಟಪ್ಪ ನಾಯಕನಿಗೆ ಅವನು ಅಪ್ಪನಾದನು. ದೊರೆ ಅವನನ್ನು ಕೊನೆಯವರೆಗೂ ಕರೆದದ್ದು ಹಾಗೆಯೇ.

ಈ ವರ್ಷಗಳಲ್ಲಿಯೇ ಅವನ ಕಣ್ಣು ನೆಲದಡಿಯ ಇತಿಹಾಸದ ಕಡೆಗೂ ಹೊರಳಿತು. ರಾಜನಕೋಳೂರಿನ ಕಲ್ಮನೆಗಳು, ಶಹಾಪುರದ ಸಮೀಪದ ವಿಭೂತಿಹಳ್ಳಿಯಲ್ಲಿ ಸಾಲುಸಾಲಾಗಿ ನಿಂತ ಬಂಡೆಗಳು, ಜೇವರ್ಗಿಯ ಸಮಾಧಿಗುಡ್ಡೆಗಳು ವಿದ್ವಾಂಸರ ಲೋಕಕ್ಕೆ ತಿಳಿದುಬಂದದ್ದು ಅವನಿಂದ. ಜೇವರ್ಗಿಯಲ್ಲಿ ಅವನು ಅಗೆದ ಕ್ರಮ ಕಾಲಕ್ಕೆ ಮುಂದಾಗಿತ್ತು. ನಿಧಿಯಾಸೆಯಿಂದ ಗುಂಡಿ ತೋಡದೆ, ಮಣ್ಣಿನ ಪದರಗಳನ್ನು ಗಮನಿಸಿ, ಎಲುಬು ಮಡಕೆಗಳು ಎಲ್ಲೆಲ್ಲಿ ಹೇಗೆ ದೊರೆತವೆಂಬುದನ್ನು ಅಡ್ಡಕೊಯ್ತದ ಚಿತ್ರಗಳಲ್ಲಿ ದಾಖಲಿಸಿದನು. ನೂರು ವರ್ಷದ ನಂತರ ಮಾರ್ಟಿಮರ್ ವ್ಹೀಲರ್ ಈ ಚಿತ್ರಗಳನ್ನು ಮೆಚ್ಚಿ ಬರೆದನು. ಕರ್ನಾಟಕದ ಬೃಹತ್ ಶಿಲಾಸಂಸ್ಕೃತಿಯ ಅಧ್ಯಯನ ಆರಂಭವಾಗುವುದು ಇಲ್ಲಿಂದಲೇ ಎಂದರೆ ಅತಿಶಯೋಕ್ತಿಯಲ್ಲ.

1853ರಲ್ಲಿ ದೊರೆ ಪ್ರಾಪ್ತವಯಸ್ಕನಾದನೆಂದು ರಾಜ್ಯವನ್ನು ಅವನಿಗೊಪ್ಪಿಸಿ ಟೇಲರ್ ಸುರಪುರವನ್ನು ಬಿಟ್ಟನು. ಅದೇ ವರ್ಷದ ಒಪ್ಪಂದದಂತೆ ಸೇನೆಯ ಬಾಕಿಗಾಗಿ ನಿಜಾಮನು ವರಾಡ, ರಾಯಚೂರು ದೋಆಬ ಮತ್ತು ನಳದುರ್ಗದ ಸೀಮೆಯನ್ನು ಕಂಪನಿಯ ವಶಕ್ಕೆ ಕೊಡಬೇಕಾಯಿತು. ನಳದುರ್ಗದ ಆಡಳಿತ ಟೇಲರನಿಗೆ ಬಂದಿತು. 1857ರಲ್ಲಿ ಅವನನ್ನು ವರಾಡದ ಬುಲ್ಢಾಣಾಕ್ಕೆ ಕಳುಹಿಸಿದರು. ಸೈನ್ಯದ ಆಸರೆಯಿಲ್ಲದೆ ಅವನು ಆ ಸೀಮೆಯನ್ನು ಶಾಂತವಾಗಿಟ್ಟನು.

ಆದರೆ ಕಿಡಿ ಹತ್ತಿದ್ದು ಅವನು ಹನ್ನೆರಡು ವರ್ಷ ಕಾಪಾಡಿದ ಮನೆಯಲ್ಲಿ. ದಂಗೆಯ ವರ್ಷದಲ್ಲಿ ಸುರಪುರದ ತರುಣ ದೊರೆಯ ಸುತ್ತ ಅರಬರು, ರೋಹಿಲರು ಸೇರತೊಡಗಿದರು. ಸಂಶಯಗೊಂಡ ರೆಸಿಡೆಂಟ್ ಕ್ಯಾಂಪ್‌ಬೆಲ್ ಎಂಬ ಅಧಿಕಾರಿಯನ್ನೂ ಬೆನ್ನಿಗೆ ಸೈನ್ಯವನ್ನೂ ಕಳುಹಿಸಿದನು. 1858ರ ಫೆಬ್ರವರಿ 7ರ ರಾತ್ರಿ ಬೇಡರ ಪಡೆ ಆಂಗ್ಲರ ಬಿಡಾರದ ಮೇಲೆ ಎರಗಿತು. ಮರುದಿನದ ಕಾಳಗದಲ್ಲಿ ಕ್ಯಾಪ್ಟನ್ ನ್ಯೂಬೆರಿ ಮಡಿದನು. ಅವನ ಸಮಾಧಿ ಸುರಪುರದಲ್ಲಿದೆ. ಹೊಸ ದಂಡುಗಳು ಬರುತ್ತಿದ್ದಂತೆ ದೊರೆಯು ಕೆಲವೇ ಸವಾರರೊಡನೆ ಹೈದರಾಬಾದಿಗೆ ಹೋದನು. ಅಲ್ಲಿ ದಿವಾನ ಸಾಲಾರ್ ಜಂಗನ ಜನರು ಅವನನ್ನು ಹಿಡಿದು ರೆಸಿಡೆಂಟನಿಗೆ ಒಪ್ಪಿಸಿದರು.

ಟೇಲರನನ್ನು ಮತ್ತೆ ಸುರಪುರಕ್ಕೆ ನೇಮಿಸಲಾಯಿತು. ಅದಕ್ಕೂ ಮಿಗಿಲಾದ ಕಠಿಣ ಕೆಲಸವೊಂದನ್ನು ರೆಸಿಡೆಂಟ್ ಅವನಿಗೆ ವಹಿಸಿದನು: ಸೆರೆಯಲ್ಲಿದ್ದ ದೊರೆಯನ್ನು ಕಂಡು, ದಂಗೆಯಲ್ಲಿ ಕೈಯಾಡಿಸಿದವರ ಹೆಸರುಗಳನ್ನು ಹೊರಡಿಸುವುದು. ಸಾಕಿದ ಮಗ ಸೆರೆಮನೆಯಲ್ಲಿ, ಸಾಕಿದವನು ಸೆರೆ ಹಿಡಿದವರ ದೂತ. ವೆಂಕಟಪ್ಪ ನಾಯಕ ಟೇಲರನನ್ನು ಅಪ್ಪಿಕೊಂಡನು, ಕಣ್ಣೀರಿಟ್ಟನು. ಆದರೆ ಹೆಸರುಗಳನ್ನು ಹೇಳಲಿಲ್ಲ. ತನ್ನನ್ನು ಕಳ್ಳನಂತೆ ನೇಣಿಗೇರಿಸದೆ ಫಿರಂಗಿಯ ಬಾಯಿಗೆ ಕಟ್ಟಬೇಕೆಂದು ಮಾತ್ರ ಕೇಳಿಕೊಂಡನು. ಇಪ್ಪತ್ತನಾಲ್ಕು ತುಂಬದ ತರುಣನ ಈ ಮೌನ ಟೇಲರನ ಆಡಳಿತದ ಎಲ್ಲ ಸಾಧನೆಗಿಂತ ದೊಡ್ಡದಾಗಿ ತೋರುತ್ತದೆ. ಅದನ್ನು ಮುಚ್ಚಿಡದೆ ಬರೆದಿಟ್ಟವನೂ ಟೇಲರನೇ ಎಂಬುದನ್ನು ಮರೆಯಬಾರದು.

ಮರಣದಂಡನೆ ಮೊದಲು ಜೀವಾವಧಿ ಗಡೀಪಾರಾಗಿಯೂ ಅನಂತರ ಗವರ್ನರ್ ಜನರಲ್ಲನ ಆಜ್ಞೆಯಿಂದ ನಾಲ್ಕು ವರ್ಷದ ಸೆರೆಯಾಗಿಯೂ ಇಳಿಯಿತು. ನಡತೆ ಸರಿಯಾದರೆ ರಾಜ್ಯ ಮರಳಿ ದೊರೆಯಬಹುದೆಂಬ ಆಸೆಯೂ ಇತ್ತು. ಮದರಾಸು ಸೀಮೆಯ ಚೆಂಗಲ್ಪಟ್ಟಿಗೆ ಕರೆದೊಯ್ಯುವಾಗ ದಾರಿಯ ಬಿಡಾರದಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ಗುಂಡು ಹಾರಿ ದೊರೆಯು ಸತ್ತನು. ಅವನೇ ಹಾರಿಸಿಕೊಂಡನೆಂದು ಆಂಗ್ಲರ ವರದಿ. ಆ ಬಿಡಾರದೊಳಗಿನ ಸಂಗತಿಗೆ ಕಾವಲಿನವರ ಮಾತಲ್ಲದೆ ಬೇರೆ ಆಧಾರವಿಲ್ಲದಿರುವುದನ್ನು ಚರಿತ್ರೆಯ ಅಭ್ಯಾಸಿ ಗಮನದಲ್ಲಿಡಬೇಕು. ಟೇಲರನಂತೂ ಅದನ್ನು ವಿಧಿಯೆಂದೇ ಬಗೆದನು. ಬಾಲಕನ ಜಾತಕದಲ್ಲಿ ಇಪ್ಪತ್ತನಾಲ್ಕನೆಯ ವರ್ಷದಲ್ಲಿ ಮೃತ್ಯುವಿದೆಯೆಂದು ಬರೆದಿದ್ದುದನ್ನು ರಾಣಿ ಈಶ್ವರಮ್ಮ ಮತ್ತು ಆಸ್ಥಾನದ ಬ್ರಾಹ್ಮಣ ಬಹಳ ಹಿಂದೆಯೇ ಅವನಿಗೆ ಗುಟ್ಟಾಗಿ ತಿಳಿಸಿದ್ದರು. ಶಿಕ್ಷೆ ಇಳಿದ ಸುದ್ದಿಯನ್ನು ಅವನು ಹೇಳಿದಾಗಲೂ ಆ ಬ್ರಾಹ್ಮಣ ತನ್ನ ಮಾತನ್ನು ಹಿಂತೆಗೆದುಕೊಂಡಿರಲಿಲ್ಲ. ಜಾತಕದ ಕಥೆ ಮನಸ್ಸನ್ನು ಕಲಕುವಂಥದು. ಆದರೆ ವಿಧಿಯ ಮೇಲೆ ಭಾರ ಹೊರಿಸಿದಾಗ, ಸಂಸ್ಥಾನಗಳನ್ನು ಒಂದೊಂದಾಗಿ ಕಬಳಿಸುತ್ತಿದ್ದ ರಾಜನೀತಿಯ ಹೊಣೆ ಹಗುರಾಗಿಬಿಡುತ್ತದೆ. ಆ ರಾಜನೀತಿಯ ಕೈಗಳಲ್ಲಿ ಟೇಲರನದೂ ಒಂದು; ಅವುಗಳಲ್ಲಿ ಅತ್ಯಂತ ಮೃದುವಾದದ್ದು.

ಸುರಪುರದ ರಾಜ್ಯವು ಮುಟ್ಟುಗೋಲಾಗಿ 1860ರಲ್ಲಿ ನಿಜಾಮನ ಪಾಲಾಯಿತು. ದಂಗೆಯ ಕಾಲದ ನಿಷ್ಠೆಗೆ ಕಂಪನಿಯ ನಂತರದ ಸರ್ಕಾರ ಕೊಟ್ಟ ಬಹುಮಾನ ಅದು. ಆ ವರ್ಷವೇ ಟೇಲರ್ ಕುಸಿದ ಆರೋಗ್ಯದೊಡನೆ ಭಾರತವನ್ನು ಬಿಟ್ಟು ಡಬ್ಲಿನ್ನಿನ ಬಳಿ ನೆಲೆಸಿದನು. ಸ್ವಲ್ಪ ಚೇತರಿಸಿಕೊಂಡ ಮೇಲೆ ಲೇಖನಿ ಬಿಡಲಿಲ್ಲ. 1657, 1757, 1857 ಎಂದು ನೂರು ನೂರು ವರ್ಷದ ಅಂತರದಲ್ಲಿ ನಿಲ್ಲುವ ಮೂರು ಕಾದಂಬರಿಗಳು ಬಂದವು. ಮೊದಲನೆಯದಾದ ತಾರಾದಲ್ಲಿ ವಿಜಾಪುರದ ಆದಿಲ್‌ಶಾಹಿಯೂ ತುಳಜಾಪುರವೂ ಇವೆ. ಕೊನೆಯದಾದ ಸೀತಾದಲ್ಲಿ ಆಂಗ್ಲ ಅಧಿಕಾರಿಯೊಬ್ಬ ಹಿಂದೂ ವಿಧವೆಯನ್ನು ಮದುವೆಯಾಗುತ್ತಾನೆ. ದಂಗೆಯ ನೆನಪು ಆರದಿದ್ದ 1872ರ ಇಂಗ್ಲೆಂಡಿನಲ್ಲಿ ಹಾಗೆ ಬರೆಯಲು ಎದೆಗಾರಿಕೆ ಬೇಕಿತ್ತು. ಚಾಂದಬೀಬಿಯನ್ನು ಕುರಿತ ಕಾದಂಬರಿ ಅವನ ಮರಣಾನಂತರ ಪ್ರಕಟವಾಯಿತು.

1875ರ ಹೊತ್ತಿಗೆ ಕಣ್ಣು ಮಂಜಾಗಿದ್ದಿತು. ಚಳಿಗಾಲವನ್ನು ಬೆಚ್ಚನೆಯ ನಾಡಿನಲ್ಲಿ ಕಳೆಯಬೇಕೆಂಬ ವೈದ್ಯರ ಸಲಹೆಯಂತೆ ಮತ್ತೊಮ್ಮೆ ಭಾರತಕ್ಕೆ ಬಂದನು. ಇಲ್ಲಿ ಕಾಡುಜ್ವರ ಹಿಡಿಯಿತು. ಮರಳುವ ದಾರಿಯಲ್ಲಿ, 1876ರ ಮೇ 13ರಂದು, ಫ್ರಾನ್ಸಿನ ಮೆಂಟನ್ ಎಂಬ ಊರಿನಲ್ಲಿ ತೀರಿಕೊಂಡನು. ಮಗಳು ಆಲಿಸ್ ಸಂಪಾದಿಸಿದ ಅವನ ಆತ್ಮಕಥೆ ಮರುವರ್ಷ ಹೊರಬಂದಿತು. ಸುರಪುರದ ಕೊನೆಯ ದೊರೆಯ ಬಾಲ್ಯವನ್ನು ಕಣ್ಣಾರೆ ಕಂಡವನೊಬ್ಬ ಬರೆದ ವಿವರವಾದ ಕಥನ ಇರುವುದು ಆ ಪುಸ್ತಕದಲ್ಲಿ.